ಪಾಲಕರ ಸಹಿ

ಕಾವ್ಯಾಳ ಕಾಲು ತಾಗಿ ಹೆಣದ ತಲೆದೆಸೆಯ ದೀಪ ಉರುಳಿತು.

ತೆಂಗಿನಕಾಯಿಯ ಅರ್ಧ ಹೋಳಿನಲ್ಲಿ ಎಣ್ಣೆ ಹೊಯ್ದು ಹಚ್ಚಿಟ್ಟ ದೀಪ. ಹೋಳು ಅರ್ಧ ಸುತ್ತು ತಿರುಗಿ, ಬಾಳೆಲೆಯ ಮೇಲಿದ್ದ ಅಕ್ಕಿಗೆ ಎಣ್ಣೆ ಚೆಲ್ಲಿ ಮಗುಚಿಕೊಂಡಿತು. ಬತ್ತಿ ಒಂದು ಸಲ ಚುರ್ ಅಂದು ಆರಿಹೋಯಿತು. ಅಂಗಳದಲ್ಲಿದ್ದ ನಲವತ್ತು ಜನರೂ ತಿರುಗಿ ನೋಡಿದರು. ಬೆಳಗಿನ ಇಬ್ಬನಿ ಇನ್ನೂ ಬಿಟ್ಟಿರಲಿಲ್ಲ. ಆ ಮಬ್ಬಿನಲ್ಲಿ ಬತ್ತಿಯ ಹೊಗೆಯೊಂದೇ ಮೇಲಕ್ಕೆ ಹೋಗುತ್ತಿತ್ತು.

"ತಲೆದೆಸೆ ದೀಪ ಆರ್ಬಾರ್ದಿತ್ತು," ಅಂತ ಹಿಂದೆ ನಿಂತ ಮುದುಕಿಯೊಬ್ಬಳು ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಅಂದಳು. "ಒಳ್ಳೇದಲ್ಲಪ್ಪ ಇದು."

ಕಾವ್ಯಾ ತುಳಸಿ ನೀರಿನ ತಂಬಿಗೆ ಹಿಡಿದು ನಿಂತಲ್ಲೇ ನಿಂತಿದ್ದಳು. ನೀರನ್ನೇನೋ ಸರಿಯಾಗಿಯೇ ಹೂವಯ್ಯನ ಬಾಯಿಗೆ ಬಿಟ್ಟಿದ್ದಳು, ಒಂದು ಹನಿ ಗಲ್ಲಕ್ಕೆ ಜಾರದ ಹಾಗೆ. ತಿರುಗಿ ಹೊರಡುವಾಗ ಆದದ್ದು ಇದು. ಏನು ಬಿತ್ತು, ಎಲ್ಲಿ ಬಿತ್ತು ಎಂದು ಅವಳು ತಲೆಯನ್ನು ಪೂರ್ತಿ ಎಡಕ್ಕೆ ಹೊರಳಿಸಿ, ಆಮೇಲೆ ಪೂರ್ತಿ ಬಲಕ್ಕೆ ಹೊರಳಿಸಿ ಹುಡುಕಿದಳು.

ದಿನೇಶ ಬಂದು ಮಗಳ ರಟ್ಟೆ ಹಿಡಿದೆಳೆದ. "ಧ್ಯಾನ ಎಲ್ಲಿಟ್ಕೊಂಡಿದ್ಯೇ? ಉರಿಯೋ ದೀಪ ಕಾಣ್ಲಿಲ್ವಾ ನಿಂಗೆ?"

"ಕಾಣ್ಲಿಲ್ಲಪ್ಪ. ಪಕ್ಕಕ್ಕಿತ್ತು."

"ಪಕ್ಕಕ್ಕಿತ್ತಂತೆ! ಮತ್ತೆ ನಿನ್ನ ಮೂಗಿನ ಮೇಲೆ ಇಡ್ಬೇಕಿತ್ತಾ?"

"ದಿನಾ ಇದೇ ಆಯ್ತು ಇವಳದ್ದು," ದಿನೇಶನ ಹೆಂಡತಿ ಸುಷ್ಮಾ ಸಂಕೋಚದಿಂದ ಸುತ್ತಲಿನವರಿಗೆ ಸಮಜಾಯಿಷಿ ಕೊಟ್ಟಳು. "ಮೊನ್ನೆ ಹಾಲಿನ ಕ್ಯಾನು ಒದ್ದು ಚೆಲ್ಲಿದ್ಳು. ಮೊಣಕೈ ನೋಡಿ, ಬಾಗಿಲು ದಾಟುವಾಗೆಲ್ಲ ಹೊಡ್ಕೊಳ್ತಾಳೆ. ಹದಿಮೂರು ತುಂಬ್ತು, ನೆಟ್ಟಗೆ ನಡಿಯಕ್ಕೆ ಬರಲ್ಲ."

ಹೂವಯ್ಯನ ಹೆಂಡತಿ ಕೆರಿಯಮ್ಮ ಗಂಡನ ಕಾಲ ಬುಡದಿಂದ ಎದ್ದು ಬಂದಳು. ಹೋಳನ್ನು ಎತ್ತಿಟ್ಟು, ಸೆರಗಿನಿಂದ ಅದರ ಅಂಚು ಒರೆಸಿ, ಹೊಸ ಬತ್ತಿ ಹಾಕಿ ಹಚ್ಚಿದಳು. ಆಮೇಲೆ ಕಾವ್ಯಾಳ ತಲೆ ಸವರಿದಳು. "ಬೈಬೇಡ ಬಿಡಾ ದಿನೇಶ. ಅವ್ರಿದ್ದಿದ್ರೆ ಬೈಯಕ್ಕೆ ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಅದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕವಲೇದುರ್ಗದ ಬುಡದ ಆ ಊರಿನಲ್ಲಿ, ಶಾಲೆಯ ಗೇಟಿನ ಎದುರು, ಎರಡು ಮೆಟ್ಟಿಲು ಹತ್ತಿದರೆ ಸಿಗುವ ಒಂದು ಕೋಣೆಯಲ್ಲಿ ಹೂವಯ್ಯ ನಲವತ್ತೆಂಟು ವರ್ಷ ಹೊಲಿಗೆ ಮಿಷನ್ ತುಳಿದಿದ್ದ. ಸರ್ಕಾರ ಕೊಡುವ ಯೂನಿಫಾರ್ಮ್ ಬಟ್ಟೆಯೆಲ್ಲ ಅವನ ಕೈಯಲ್ಲೇ ಅಂಗಿ ಚಡ್ಡಿ ಆಗುತ್ತಿತ್ತು. ನಿನ್ನೆ ಸಂಜೆ ಶಾಲೆ ಬಿಟ್ಟ ಮೇಲೆ, ಕಾಲು ಪೆಡಲ್ ಮೇಲಿರುವಂತೆಯೇ, ಮಿಷನ್ನಿಗೆ ಹಣೆ ಇಟ್ಟು ಮಲಗಿದವನ ಹಾಗೆ ಹೋಗಿಬಿಟ್ಟಿದ್ದ. ಮಕ್ಕಳಿರಲಿಲ್ಲ. ಬೆಂಕಿ ಕೊಡಬೇಕಾದ ತಮ್ಮನ ಮಗ ಸುನಿಲ್ ತಾಳಗುಪ್ಪದಿಂದ ಹೊರಟಿದ್ದಾನೆ, ಸಾಗರ ದಾಟಿದ್ದಾನೆ, ಹೊಸನಗರದಲ್ಲಿ ಬಸ್ಸು ಸಿಕ್ಕಿಲ್ಲವಂತೆ ಎಂದು ಅರ್ಧ ಗಂಟೆಗೊಂದು ಫೋನು ಬರುತ್ತಿತ್ತು. ಅವನು ಬರುವ ತನಕ ಕಾಯಬೇಕು.

ಕಾಯುವಾಗ ಮಾತು ಬೇಕಲ್ಲ. ಗಂಡಸರು ಜಗಲಿಯ ಮೇಲೆ ಕೂತಿದ್ದರು. ಪಂಚಾಯ್ತಿ ನೀರು ಬಿಡುವ ಗಿರಿಯಪ್ಪ ಎಲೆ ಮಡಚುತ್ತ ಶುರು ಮಾಡಿದ.

"ಸುಳ್ಳಲ್ಲ ಕಣ್ರೋ, ನಮ್ಮಪ್ಪನ ಸಹಿ ನಮ್ಮಪ್ಪಂಗಿಂತ ಚೆನ್ನಾಗಿ ಹೂವಯ್ಯಣ್ಣ ಹಾಕ್ತಿದ್ದ. ಒಂದ್ಸಲ ಅಪ್ಪ ಶಾಲೆಗೆ ಬಂದು ರಿಜಿಸ್ಟರಲ್ಲಿ ಸಹಿ ಹಾಕಿದ್ರೆ ಮೇಷ್ಟ್ರು, ಇದು ನಿಮ್ದಲ್ಲ, ಕಾರ್ಡಲ್ಲಿರೋ ಹಾಗೆ ಹಾಕಿ ಅಂತ ಕೂತ್ರು!"

ಸತ್ತ ಮನೆಯೆಂದು ನಗು ತಡೆದವರೂ ನಕ್ಕರು. ಒಳಗಿನಿಂದ ಕೆರಿಯಮ್ಮ ಕೂಡ ಈ ಕಡೆ ತಿರುಗಿ ನೋಡಿದಳು.

"ನಂದೂ ಅಷ್ಟೇ," ದಿನೇಶ ಅಂದ. "ಐದರಿಂದ ಏಳರ ತನಕ ನನ್ನಪ್ಪ ದುಗ್ಗಪ್ಪ ನನ್ನ ಮಾರ್ಕ್ಸ್ ಕಾರ್ಡು ಮುಟ್ಟೇ ಇಲ್ಲ."

"ಈಗಿನ ಹುಡುಗ್ರದ್ದೂ ಹಾಗೇ ಅಲ್ದಾ? ನಿನ್ನ ಮಗಳದ್ದು ಯಾರು ಹಾಕ್ತಿದ್ರು?"

"ನಂಗೆ ಪುರುಸೊತ್ತೆಲ್ಲಿ ಮಾರಾಯ? ಬೆಳಿಗ್ಗೆ ಆರಕ್ಕೆ ಪಿಕಪ್ ಹತ್ತಿದ್ರೆ ರಾತ್ರಿ ಎಂಟಕ್ಕೆ ಇಳಿಯೋದು. ಹೂವಯ್ಯಣ್ಣನೇ ಒಂದಿನ ಕೇಳಿದ್ದ, ನಿನ್ನ ಸಹಿ ಕೊನೇಲಿ ಸುರುಳಿ ಎಡಕ್ಕಾ ಬಲಕ್ಕಾ ಅಂತ. ಕಾವ್ಯಾದು ಕಾರ್ಡು ಬಂದಿದೆ ಅಂತ ಗೊತ್ತಾಯ್ತು. ಬಲಕ್ಕೆ ಅಂದೆ."

ಮತ್ತೆ ನಗು. ಗಿರಿಯಪ್ಪ ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿದ. "ಅದೆಲ್ಲ ಸರಿ. ಆದ್ರೆ ಗಟ್ಟಿಯಾಗಿ ಓದಿಸ್ತಿದ್ನಲ್ಲ, ಆ ಶಿಕ್ಷೆ ಒಂದು ಬೇಡ!"

ಹೌದು ಹೌದು ಎಂದು ಜಗಲಿ ತುಂಬ ತಲೆಗಳು ಆಡಿದವು.

*

ದಿನೇಶನಿಗೆ ಆಗ ಹತ್ತು ವರ್ಷ. ಗಣಿತದಲ್ಲಿ ಹನ್ನೊಂದು, ವಿಜ್ಞಾನದಲ್ಲಿ ಹದಿನೆಂಟು. ಎರಡಕ್ಕೂ ಕೆಂಪು ಗೆರೆ. ಕಾರ್ಡನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಹೂವಯ್ಯನ ಅಂಗಡಿ ಹತ್ತಿದ್ದ. ಅಪ್ಪ ದುಗ್ಗಪ್ಪ ಹೊಡೆದರೆ ಬಾರುಕೋಲಿನಲ್ಲೇ ಹೊಡೆಯುವವನು.

ಹೂವಯ್ಯ ಮಿಷನ್ ನಿಲ್ಲಿಸಿದ. ಬೈಯಲಿಲ್ಲ. "ಹಿಂದಿನ ಸಲದ್ದು ನಿನ್ನಪ್ಪಂದು ಸಹಿ ಎಲ್ಲಿದೆ, ತೋರಿಸು," ಅಂದ. ಅದನ್ನು ಬಹಳ ಹೊತ್ತು ನೋಡಿದ, ಅಂಗಿಯ ಕಾಲರಿನ ಹೊಲಿಗೆ ನೋಡುವ ಹಾಗೆ. ಆಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದು ಹರಕು ಬಟ್ಟೆಯ ಮೇಲೆ ಒಂದು ಸಲ ಎಳೆದ. ಸರಿಯಾಗಲಿಲ್ಲ. ಇನ್ನೊಂದು ಸಲ. ಮೂರನೆಯ ಸಲ ದುಗ್ಗಪ್ಪನೇ ಬಂದು ಹಾಕಿದ ಹಾಗಿತ್ತು.

ಆದರೂ ಪೆನ್ನು ಮುಟ್ಟಲಿಲ್ಲ.

"ಕಾರ್ಡಲ್ಲಿ ಮೇಷ್ಟ್ರು ಏನು ಬರೆದಿದಾರೆ, ಗಟ್ಟಿಯಾಗಿ ಓದು ಕೇಳೋಣ."

ಕೊನೆಯ ಸಾಲಿನಲ್ಲಿ ಇದ್ದದ್ದು, 'ಮನೆಯಲ್ಲಿ ಗಮನ ಕೊಡುವುದು ಅಗತ್ಯ' ಎಂದು. ದಿನೇಶ, "ಹುಡುಗ ಒಳ್ಳೆಯವನು, ಮುಂದಿನ ಸಲ ಪಾಸಾಗುತ್ತಾನೆ," ಅಂತ ಓದಿದ.

ಹೂವಯ್ಯ ಅವನ ಮುಖವನ್ನೇ ನೋಡಿದ. ಕಾರ್ಡನ್ನು ನೋಡಲಿಲ್ಲ. "ಹಾಗಂತ ಇದೆಯಾ?"

"ಹ್ಞೂ."

"ಹಾಗಿದ್ರೆ ಆಗು," ಅಂದ. ಸಹಿ ಹಾಕಿ ಕಾರ್ಡು ಕೊಟ್ಟ. ಜೊತೆಗೆ ದಾರದ ಎರಡು ಖಾಲಿ ರೀಲು ಕೊಟ್ಟ, ಗಾಡಿ ಮಾಡಿಕೊಳ್ಳಲು.

ಓಡುತ್ತ ಮನೆಗೆ ಬರುವಾಗ ದಿನೇಶನಿಗೆ ಅನಿಸಿತ್ತು, ಇವನಿಗೆ ಎಲ್ಲ ಗೊತ್ತು, ಗೊತ್ತಿದ್ದೂ ಬಿಟ್ಟುಕೊಟ್ಟ ಎಂದು. ಊರಿನ ಮಕ್ಕಳೆಲ್ಲ ಹಾಗೇ ಅಂದುಕೊಂಡಿದ್ದರು. ಹೂವಯ್ಯನ ಮುಂದೆ ಸುಳ್ಳು ಓದಿದವರು, ಆ ಸುಳ್ಳಿನ ನಾಚಿಕೆಗೆ, ಮುಂದಿನ ಸಲ ಒಂದೆರಡು ಮಾರ್ಕಾದರೂ ಹೆಚ್ಚು ತೆಗೆಯುತ್ತಿದ್ದರು.

*

ಹತ್ತೂವರೆಗೆ ಶಾಲೆಯ ಮಕ್ಕಳು ಸಾಲಾಗಿ ಬಂದರು. ಮುಂದೆ ಸಮೀಕ್ಷಾ ಟೀಚರ್. ತೀರ್ಥಹಳ್ಳಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿ, ಈ ಊರಿಗೆ ಬಂದು ಮೂರು ವರ್ಷವಾಗಿತ್ತು. ಜೊತೆಗೆ ನಿವೃತ್ತ ಹೆಡ್‌ಮಾಸ್ಟರು ಗೋವಿಂದ ಮೇಷ್ಟ್ರು, ಊರುಗೋಲು ಊರಿಕೊಂಡು. ಮಕ್ಕಳು ಒಂದೊಂದು ದಾಸವಾಳ ಇಟ್ಟು ಕೈಮುಗಿದು ಪಕ್ಕಕ್ಕೆ ಸರಿದರು. ಮುದುಕಿಯರು ಬಿಡಬೇಕಲ್ಲ, ಟೀಚರಿಗೂ ದೀಪದ ಕತೆ ಹೇಳಿದರು.

"ಯಾರು ಒದ್ದಿದ್ದು?"

"ದಿನೇಶನ ಮಗಳು. ಎದುರಿಗೇ ಇತ್ತು, ಕಾಣಲಿಲ್ಲವಂತೆ."

ಟೀಚರ್ ಅಂಗಳದಲ್ಲಿ ಕಾವ್ಯಾಳನ್ನು ಹುಡುಕಿದರು. ಅವಳು ಅಮ್ಮ ಹೇಳಿದಳೆಂದು ಒಳಗಿಂದ ನೀರಿನ ಲೋಟಗಳ ತಟ್ಟೆ ತರುತ್ತಿದ್ದಳು. ಹೊಸ್ತಿಲು ದಾಟುವಾಗ ಬಲ ಮೊಣಕೈ ಬಾಗಿಲ ಚೌಕಟ್ಟಿಗೆ ಟಪ್ಪನೆ ಬಡಿಯಿತು. ಲೋಟಗಳು ಕಿಣಿಕಿಣಿ ಅಂದವು. ಅವಳು ನೋವಾದಂತೆಯೂ ಮಾಡಲಿಲ್ಲ, ಅಭ್ಯಾಸವಾದವಳ ಹಾಗೆ ಸ್ವಲ್ಪ ಎಡಕ್ಕೆ ಸರಿದು ಮುಂದೆ ಬಂದಳು.

ಟೀಚರ್ ಜಗಲಿಯ ಹತ್ತಿರ ಬಂದು ದಿನೇಶನನ್ನು ಹಲಸಿನ ಮರದ ಕಡೆ ಕರೆದರು.

"ಶಿವಮೊಗ್ಗದಲ್ಲಿ ಡಾಕ್ಟರು ಏನಂದ್ರು? ಹನಿ ಹಾಕ್ತಿದೀರಾ ದಿನಾ?"

"ಯಾವ ಡಾಕ್ಟರು, ಟೀಚರ್?"

"ಕಣ್ಣಿನ ಡಾಕ್ಟರು."

"ಯಾರ ಕಣ್ಣು?"

ಸಮೀಕ್ಷಾ ಟೀಚರ್ ಮುಖದ ಬಣ್ಣ ಇಳಿದದ್ದನ್ನು ದಿನೇಶ ನೋಡಿದ.

"ಜೂನಲ್ಲಿ ಶಾಲೆಗೆ ಆರೋಗ್ಯ ತಪಾಸಣೆಗೆ ಬಂದಿದ್ರಲ್ಲ," ಅವರು ನಿಧಾನವಾಗಿ ಹೇಳಿದರು. "ಕಾವ್ಯಾ ಕಾರ್ಡಲ್ಲಿ ಡಾಕ್ಟರು ಬರೆದಿದ್ರು, ತಕ್ಷಣ ಕಣ್ಣಾಸ್ಪತ್ರೆಗೆ ತೋರಿಸಿ ಅಂತ. ಮಾರ್ಕ್ಸ್ ಕಾರ್ಡಿನ ಜೊತೆಗೇ ಪಿನ್ ಹೊಡೆದು ಕಳಿಸಿದ್ದೆ. ಎರಡರಲ್ಲೂ ನಿಮ್ಮ ಸಹಿ ಇತ್ತಲ್ಲ."

ದಿನೇಶನಿಗೆ ಹೊಳೆಯಿತು. ಕೊನೆಯಲ್ಲಿ ಬಲಕ್ಕೆ ಸುರುಳಿ ಇರುವ ಸಹಿ.

"ಅದು ನನ್ನ ಸಹಿ ಅಲ್ಲ ಅಂತ ನಿಮಗೆ ಗೊತ್ತಿರ್ಲಿಲ್ವಾ?"

ಟೀಚರ್ ತಲೆ ತಗ್ಗಿಸಿದರು. ಗೊತ್ತಿತ್ತು. ಊರಿಗೇ ಗೊತ್ತಿದ್ದದ್ದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ. "ನಾನು ಬಂದ ವರ್ಷವೇ ಗೋವಿಂದ ಸರ್‌ನ ಕೇಳಿದ್ದೆ," ಅಂದರು. "ಎಲ್ಲ ಕಾರ್ಡಿನ ಸಹಿಯೂ ಒಂದೇ ಪೆನ್ನಲ್ಲಿದೆಯಲ್ಲ ಅಂತ."

ಗೋವಿಂದ ಮೇಷ್ಟ್ರು ಊರುಗೋಲಿನ ಮೇಲೆ ಭಾರ ಹಾಕಿ ಹತ್ತಿರ ಬಂದಿದ್ದರು. "ನಾನೇ ಹೇಳಿದ್ದು ದಿನೇಶ. ಹೂವಯ್ಯ ಸಹಿ ಹಾಕಿದ ಅಂದ್ರೆ ಮನೆಗೆ ಗೊತ್ತಾಯ್ತು ಅಂತ ತಿಳ್ಕೊಳ್ಳಮ್ಮ ಅಂದೆ. ದೊಡ್ಡ ವಿಷಯ ಇದ್ರೆ ಅವನು ಅಪ್ಪ ಅಮ್ಮನ ಕಿವಿಗೆ ಹಾಕದೇ ಇರೋನಲ್ಲ ಅಂತ. ಮೂವತ್ತು ವರ್ಷ ನಾನು ಶಾಲೆ ನಡೆಸಿದ್ದು ಹಾಗೇ."

"ಒಂದು ಫೋನ್ ಮಾಡಕ್ಕಾಗ್ಲಿಲ್ವಾ ಟೀಚರ್ ನಿಮಗೆ?"

"ಮಾಡಿದ್ದೆ. ಜುಲೈನಲ್ಲಿ." ಟೀಚರ್ ತಲೆ ಎತ್ತಿದರು. "ಗಾಡಿ ಓಡಿಸ್ತಿದೀನಿ, ಏನಿದ್ರೂ ಮಗಳ ಕೈಲಿ ಬರೆದು ಕಳಿಸಿ, ಶಾಲೇದೆಲ್ಲ ನೀವೇ ನೋಡ್ಕೊಳ್ಳಿ ಅಂದ್ರಿ. ಪಾಲಕರ ಸಭೆಗೆ ಮೂರು ಸಲ ಕರೆದೆ, ಬರ್ಲಿಲ್ಲ. ಕಾವ್ಯಾನ ಕೇಳಿದೆ, ಆಸ್ಪತ್ರೆಗೆ ಹೋದ್ರಾ ಅಂತ. ಹ್ಞೂ ಅಂದ್ಳು."

"ಕಾವ್ಯಾ!" ದಿನೇಶ ಕೂಗಿದ.

ಅವಳು ತಟ್ಟೆ ಕೆಳಗಿಟ್ಟು ಬಂದಳು. ಮೂವರ ಮುಖವನ್ನೂ ಒಂದೊಂದಾಗಿ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಕತ್ತು ತಿರುಗಿಸಿ ನೋಡಿದಳು.

"ಆರೋಗ್ಯದ ಕಾರ್ಡು ಟೈಲರಜ್ಜನ ಹತ್ರ ತಗೊಂಡು ಹೋಗಿದ್ಯಾ?"

"ಗಣಿತದಲ್ಲಿ ಫೇಲಾಗಿದ್ನಲ್ಲಪ್ಪ. ಎರಡೂ ಜೊತೇಲಿತ್ತು." ಅವಳ ಕಣ್ಣಲ್ಲಿ ನೀರು ಬಂತು. "ಡಾಕ್ಟರದ್ದು ಇಂಗ್ಲಿಷು, ಕಾಗೆಕಾಲು ಗುಬ್ಬಿಕಾಲು ಬರವಣಿಗೆ, ನಂಗೆ ಓದಕ್ಕೇ ಬರ್ಲಿಲ್ಲ. ಕನ್ನಡಕ ಹಾಕಿ ಅಂತಿರಬೇಕು ಅಂದ್ಕೊಂಡೆ. ಕನ್ನಡಕ ಹಾಕಿದ್ರೆ ಎಲ್ಲ ಸೋಡಾಗ್ಲಾಸ್ ಅಂತಾರೆ. ಅಜ್ಜ ಓದು ಅಂದ್ರು. ಎಲ್ಲ ಸರಿ ಇದೆ ಅಂತ ಬರೆದಿದಾರೆ ಅಜ್ಜ, ಅಂದೆ."

"ಅಜ್ಜ ಏನಂದ?"

"ಹಾಗಿದ್ರೆ ಒಳ್ಳೇದು ಮಗ, ಅಂದ್ರು."

ಅಷ್ಟರಲ್ಲಿ ರಸ್ತೆಯಲ್ಲಿ ಆಟೋ ನಿಂತಿತು. ಸುನಿಲ್ ಇಳಿದ. ಚಟ್ಟ ಕಟ್ಟಿ ಮುಗಿಸಿದ್ದವರು ಎದ್ದರು. "ದಿನೇಶ, ಬಾರಾ, ಹೆಗಲು ಕೊಡು," ಅಂತ ಗಿರಿಯಪ್ಪ ಕೂಗಿದ.

"ಕಾರ್ಡು ಶಾಲೆ ಬೀರುವಲ್ಲಿದೆ," ಟೀಚರ್ ಅಂದರು. "ತರ್ತೀನಿ. ನೀವು ಮುಗಿಸಿ ಬನ್ನಿ."

*

ಚಟ್ಟದ ಮುಂದಿನ ಬಲತುದಿ ದಿನೇಶನ ಹೆಗಲಿಗೆ ಬಂತು. ಹೂವಯ್ಯ ಬದುಕಿದ್ದಾಗ ಗಾಳಿ ಬಂದರೆ ಹಾರುವಂಥ ಆಳು, ಹೆಣವಾದ ಮೇಲೆ ಬಿದಿರು ಹೆಗಲಿನೊಳಗೆ ಇಳಿಯುತ್ತಿತ್ತು. ದಾರಿಯುದ್ದಕ್ಕೂ ದಿನೇಶ ಒಂದೇ ಮಾತನ್ನು ಮೆಲುಕು ಹಾಕಿದ. ಓದಿದ್ದ ಈ ಮುದುಕ. ಹುಡುಗಿ ಸುಳ್ಳು ಹೇಳಿದರೇನು, ಕಾರ್ಡು ಅವನ ಕೈಯಲ್ಲೇ ಇತ್ತಲ್ಲ. ಇಂಗ್ಲಿಷು ಬರದಿದ್ದರೆ ಯಾರನ್ನಾದರೂ ಕೇಳಬಹುದಿತ್ತು. ಎದುರಿಗೇ ಶಾಲೆ. ನನ್ನ ಕೆಂಪು ಗೆರೆಯನ್ನು ಮಾಫಿ ಮಾಡಿದ ಹಾಗೆ ಇದನ್ನೂ ಮಾಫಿ ಮಾಡಿಬಿಟ್ಟನಲ್ಲ.

ಸ್ಮಶಾನದಲ್ಲಿ ಎಲ್ಲರೂ ಒಂದೊಂದು ಸೌದೆ ಇಟ್ಟರು. ದಿನೇಶ ತನ್ನದನ್ನು ಇಡಲಿಲ್ಲ, ಎಸೆದ. ಅದು ಹೆಣದ ಎದೆಯ ಮೇಲೆ ಬಿದ್ದು ಸದ್ದಾಯಿತು. ಗಿರಿಯಪ್ಪ ತಿರುಗಿ ನೋಡಿದ.

"ಎಂತಾ ಆಯ್ತು ನಿಂಗೆ?"

"ಏನಿಲ್ಲ."

ಬೆಂಕಿ ಹತ್ತಿತು. ಗಾಳಿ ಇರಲಿಲ್ಲ. ಹೊಗೆ ಮೇಲೆ ಹೋಗದೆ ನೆಲದ ಮಟ್ಟದಲ್ಲೇ ಜನರ ಕಾಲ ಸುತ್ತ ಸುತ್ತುತ್ತಿತ್ತು.

ಹಳ್ಳದಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ, ಬರಿಗಾಲಲ್ಲಿ ವಾಪಸು ಬರುವಾಗ ಮೂರು ಗಂಟೆ ದಾಟಿತ್ತು. ಸತ್ತ ಜಾಗದಲ್ಲಿಟ್ಟ ದೀಪ ನೋಡಿಕೊಂಡೇ ಮನೆಗೆ ಹೋಗಬೇಕು. ಹೂವಯ್ಯ ಸತ್ತದ್ದು ಅಂಗಡಿಯಲ್ಲಾದ್ದರಿಂದ ಕೆರಿಯಮ್ಮ ದೀಪವನ್ನು ಅಲ್ಲೇ, ಮಿಷನ್ನಿನ ಬುಡದಲ್ಲಿಟ್ಟು ಕೂತಿದ್ದಳು. ಬಾಗಿಲಲ್ಲಿ ಸಮೀಕ್ಷಾ ಟೀಚರ್ ಕಾರ್ಡು ಹಿಡಿದು ನಿಂತಿದ್ದರು. ಗೋವಿಂದ ಮೇಷ್ಟ್ರು ಗಿರಾಕಿಗಳ ಸ್ಟೂಲಿನ ಮೇಲಿದ್ದರು.

"ಓದಿ," ದಿನೇಶ ಅಂದ.

ಟೀಚರ್ ಕನ್ನಡದಲ್ಲೇ ಹೇಳಿದರು. "ಎರಡೂ ಕಣ್ಣಿನಲ್ಲಿ ಒತ್ತಡ ಜಾಸ್ತಿ ಇರುವ ಅನುಮಾನ. ಪಕ್ಕದ ನೋಟ ಕುಗ್ಗಿದೆ. ಹದಿನೈದು ದಿನದೊಳಗೆ ಕಣ್ಣಾಸ್ಪತ್ರೆಗೆ ತೋರಿಸಬೇಕು. ತಡ ಮಾಡಬಾರದು." ಕಾರ್ಡಿನ ಮೇಲೆ ಬೆರಳಿಟ್ಟು, "ಕೆಳಗೆ ಎರಡು ಗೆರೆ ಎಳೆದಿದಾರೆ," ಅಂದರು.

"ಈಗ ಎಷ್ಟು ತಿಂಗಳಾಯ್ತು?"

"ಏಳು."

"ತೋರಿಸಿದ್ರೆ ಸರಿ ಹೋಗ್ತದಲ್ಲ?"

"ಆಗ್ಲೇ ಆ ಡಾಕ್ಟರನ್ನ ಕೇಳಿದ್ದೆ ನಾನು. ಇರೋ ನೋಟ ಉಳಿಸಬಹುದು ಅಂದಿದ್ರು." ಟೀಚರ್ ಕಾರ್ಡು ಮಡಿಸಿದರು. "ಹೋದದ್ದು ಬರಲ್ಲವಂತೆ."

ದಿನೇಶ ಕೆರಿಯಮ್ಮನ ಕಡೆ ತಿರುಗಿದ. ಇಂಥ ದಿನ ಇಂಥ ಮಾತು ಆಡಬಾರದು ಎಂದು ಗೊತ್ತಿತ್ತು, ತಡೆಯಲಾಗಲಿಲ್ಲ.

"ಕೆರಿಯಕ್ಕ, ಹೂವಯ್ಯಣ್ಣ ಇದನ್ನ ಓದಿ ನಂಗೊಂದು ಮಾತು ಹೇಳ್ಬಾರ್ದಿತ್ತಾ? ನನ್ನ ಮಗಳ ಕಣ್ಣು ಹೋಗ್ತಿದೆ ಅಂತ ಇದರಲ್ಲಿ ಬರೆದಿದೆ. ಅದರ ಕೆಳಗೆ ನನ್ನ ಹೆಸರಲ್ಲಿ ಸಹಿ ಹಾಕಿ ಕಳಿಸಿದಾನೆ!"

ಕೆರಿಯಮ್ಮ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ಬಹಳ ವರ್ಷ ಹೊತ್ತದ್ದನ್ನು ಎಲ್ಲಿ ಇಳಿಸಲಿ ಎಂದು ಜಾಗ ಹುಡುಕುವವಳ ಹಾಗಿದ್ದಳು.

"ಓದಕ್ಕೆ ಎಲ್ಲಿ ಬರ್ತಿತ್ತಾ ಅವ್ರಿಗೆ?"

ಟೀಚರ್ ಕಾರ್ಡಿನಿಂದ ತಲೆಯೆತ್ತಿ ಅವಳನ್ನು ನೋಡಿದರು.

"ಎಂತ ಹೇಳ್ತೀಯ ಕೆರಿಯಮ್ಮ?" ಗೋವಿಂದ ಮೇಷ್ಟ್ರು ಸ್ಟೂಲಿನಿಂದ ಅರ್ಧ ಎದ್ದರು.

"ಟೇಪಿನ ಮೇಲಿನ ಅಂಕೆ ಬರ್ತಿತ್ತು. ಅಕ್ಷರ ಒಂದೂ ಬರ್ತಿರ್ಲಿಲ್ಲ. ಸಹಿ ಎಲ್ಲ ಗೆರೆ ನೋಡಿ ಎಳೀತಿದ್ದದ್ದು, ಬಟ್ಟೆ ಮೇಲೆ ತೋಳಿನ ಗೆರೆ ಎಳೆದ ಹಾಗೆ. ಅವ್ರದ್ದೇ ಸಹೀನೂ ಹಾಗೇ."

ದಿನೇಶನ ಕಣ್ಣು ಕೋಣೆಯ ಸುತ್ತ ಹೋಯಿತು. ನೂರು ಸಲ ನೋಡಿದ ಕೋಣೆ. ಹೊಲಿದಿಟ್ಟ ಯೂನಿಫಾರ್ಮುಗಳ ಕಾಲರಿಗೆ ಹೆಸರಿನ ಚೀಟಿಯಿಲ್ಲ, ಬಣ್ಣಬಣ್ಣದ ದಾರದ ಗಂಟು. ಎಂಥ ನೆನಪಪ್ಪ ಇವಂದು ಅಂತ ಊರು ಹೊಗಳುತ್ತಿತ್ತು. ದೂಳು ಬೀಳದಿರಲೆಂದು ಗೋಡೆಗೆ ಅಂಟಿಸಿದ ಪೇಪರು, ಅದರ ತಲೆಬರಹ ಅಡಿಮೇಲಾಗಿತ್ತು. ಮತ್ತೆ ಆ ಮಾತು: ಗಟ್ಟಿಯಾಗಿ ಓದು ಕೇಳೋಣ.

"ಒಂದನೇ ಕ್ಲಾಸಲ್ಲಿ ಮೇಷ್ಟ್ರೊಬ್ರು ಇವ್ರ ಕೈಲಿ ಮನೆಗೆ ಚೀಟಿ ಕೊಟ್ಟು ಕಳಿಸಿದ್ರಂತೆ," ಕೆರಿಯಮ್ಮ ದೀಪದ ಬತ್ತಿ ಮುಂದಕ್ಕೆ ತಳ್ಳಿದಳು. "ಇವ್ರ ಅಪ್ಪಂಗೆ ಓದಕ್ಕೆ ಬರಲ್ಲ. ಶಾಲೆಯಿಂದ ಚೀಟಿ ಬಂತು ಅಂದ್ರೆ ದೂರೇ ಇರ್ಬೇಕು ಅಂತ ಕಟ್ಟಿ ಹೊಡೆದು, ಚೀಟೀನ ಒಲೆಗೆ ಹಾಕಿ, ನಾಳೆಯಿಂದ ದನ ಕಾಯಕ್ಕೆ ಹೋಗು ಅಂದ್ರು. ಅಷ್ಟೇ ಇವ್ರ ಶಾಲೆ. ಆ ಚೀಟೀಲಿ ಏನಿತ್ತು ಅಂತ ಕೊನೇ ತನಕ ಗೊತ್ತಾಗ್ಲಿಲ್ಲ. ನಿದ್ದೇಲೂ ಕೇಳ್ತಿದ್ರು, ಏನಿದ್ದಿರಬಹುದೇ ಅದ್ರಲ್ಲಿ ಅಂತ. ಚೀಟಿಗೋಸ್ಕರ ಇನ್ನೊಂದು ಮಗು ಹೊಡೆಸ್ಕೋಬಾರ್ದು ಅನ್ನೋದೊಂದೇ ಅವ್ರಿಗೆ."

ಗೋವಿಂದ ಮೇಷ್ಟ್ರು ಎರಡು ಕೈಯಲ್ಲೂ ಊರುಗೋಲು ಹಿಡಿದು ಅದರ ಮೇಲೆ ಹಣೆ ಇಟ್ಟರು. "ಎದುರಿಗೇ ಇದ್ದೆನಲ್ಲ ನಾನು," ಅಂದರು. "ಮೂವತ್ತು ವರ್ಷ. ಗೇಟಿಂದ ಹತ್ತು ಹೆಜ್ಜೆ."

ಸಮೀಕ್ಷಾ ಟೀಚರ್ ಕಾರ್ಡನ್ನು ದಿನೇಶನ ಕೈಗಿಟ್ಟರು. "ನಾಳೆ ಮೊದಲನೇ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗೋಣ. ನಾನೂ ಬರ್ತೀನಿ. ಸ್ಟ್ಯಾಂಡಲ್ಲಿ ಕಾಯ್ತಿರ್ತೀನಿ."

ದಿನೇಶ ತಲೆಯಾಡಿಸಿದ. ಒದ್ದೆ ಕೈಗೆ ಕಾರ್ಡು ಮೆತ್ತಗಾಗುತ್ತಿತ್ತು. ಅವನು ದೀಪ ನೋಡಿ, ಕೈಮುಗಿದು, ಹೊರಟ.

ಮೆಟ್ಟಿಲು ಇಳಿಯುವಾಗ ಕಾಲಿಗೆ ಏನೋ ಮೆತ್ತಗೆ ತಾಗಿತು. ಬಗ್ಗಿ ನೋಡಿದ. ಎರಡೂ ಮೆಟ್ಟಿಲಿನ ಅಂಚಿಗೆ, ಉದ್ದಕ್ಕೂ, ಯೂನಿಫಾರ್ಮಿನ ಬಿಳಿ ಬಟ್ಟೆಯ ಪಟ್ಟಿ. ಸಣ್ಣ ಮೊಳೆ ಹೊಡೆದು ಕೂರಿಸಿದ್ದು. ಅಂಗಡಿ ಬಾಗಿಲಿನ ಚೌಕಟ್ಟಿಗೂ ಮೊಣಕೈ ಎತ್ತರದಲ್ಲಿ ಹಳೆ ಬಟ್ಟೆ ಮಡಿಸಿ ದಿಂಬಿನ ಹಾಗೆ ಸುತ್ತಿತ್ತು.

ಆಗ ನೆನಪಾಯಿತು. ಹದಿನೈದು ದಿನದ ಹಿಂದೆ, ಬೆಳಿಗ್ಗೆ ಪಿಕಪ್ ಸ್ಟಾರ್ಟ್ ಮಾಡಿದ್ದಾಗ ಹೂವಯ್ಯ ಕಿಟಕಿಯ ಹತ್ತಿರ ಬಂದು ನಿಂತಿದ್ದ. "ದಿನೇಶ, ನಿನ್ನ ಮಗಳು ನನ್ನ ಅಂಗಡಿ ಮೆಟ್ಟಿಲು ಎಡವ್ತಾಳೆ ಮಾರಾಯ. ಒಂದ್ಸಲ ಅಲ್ಲ, ಬಂದಾಗೆಲ್ಲ. ಒಮ್ಮೆ ಯಾರಿಗಾದ್ರೂ ತೋರಿಸು." ದಿನೇಶ ಗೇರು ಹಾಕುತ್ತಲೇ ನಕ್ಕಿದ್ದ. "ಶಾಲೇಲಿ ಡಾಕ್ಟರು ಬಂದು ನೋಡಿದಾರಂತಲ್ಲ ಹೂವಯ್ಯಣ್ಣ. ಏನಾದ್ರೂ ಇದ್ರೆ ಟೀಚರು ಬರೆದು ಕಳಿಸ್ತಿರ್ಲಿಲ್ವಾ?" ಹೂವಯ್ಯ ಕಿಟಕಿಯಿಂದ ಕೈ ತೆಗೆದಿದ್ದ. "ಹೌದು. ಬರೆದು ಕಳಿಸ್ತಿದ್ರು," ಅಂದಿದ್ದ.

*

ಸಂಜೆಯ ಬಿಸಿಲು ರಸ್ತೆಯ ಮೇಲೆ ಓರೆಯಾಗಿ ಬಿದ್ದಿತ್ತು. ಮನೆ ಕಡೆಯ ಕಾಲುದಾರಿಯಲ್ಲಿ ಸುಷ್ಮಾ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಮುಂದೆ ಹೋಗುತ್ತಿದ್ದಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಹತ್ತು ಹೆಜ್ಜೆ ಹಿಂದೆ ಕಾವ್ಯಾ, ಅಮ್ಮನ ಬೆನ್ನನ್ನೇ ನೆಟ್ಟಗೆ ನೋಡುತ್ತ, ಪಾದವನ್ನು ನೆಲಕ್ಕೆ ಇಡುವ ಮುಂಚೆ ಒಂದು ಗಳಿಗೆ ಮೇಲೇ ಹಿಡಿದು, ಆಮೇಲೆ ಇಡುತ್ತ.

ಈ ನಡಿಗೆಯನ್ನು ಅವನು ಎಷ್ಟು ದಿನದಿಂದ ನೋಡುತ್ತಿದ್ದಾನೆ! ಸೋಮಾರಿ ನಡಿಗೆ ಅಂತ ಬೈದಿದ್ದಾನೆ.

ದಿನೇಶ ದಾರಿ ಬಿಟ್ಟು ಪಕ್ಕದ ಹುಲ್ಲಿಗೆ ಇಳಿದ. ಬರಿಗಾಲು, ಮೆತ್ತನೆ ಹುಲ್ಲು, ಸದ್ದಾಗಲಿಲ್ಲ. ಬೇಗ ಬೇಗ ಹೆಜ್ಜೆ ಹಾಕಿ ಮಗಳ ಸರಿಸಮಕ್ಕೆ ಬಂದ. ಒಂದು ಮೊಳ ದೂರ. ಅವಳು ತಿರುಗುತ್ತಾಳೆ ಎಂದು ಕಾದ. ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದ. ಅವಳ ಕೆನ್ನೆಯ ಮೇಲೆ ಒಣಗಿದ ಕಣ್ಣೀರಿನ ಗೆರೆ, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು, ಎಲ್ಲ ಅವನಿಗೆ ಕಾಣುತ್ತಿತ್ತು. ನಿಧಾನವಾಗಿ ಕೈ ಎತ್ತಿ ಅವಳ ಕಿವಿಯ ನೇರಕ್ಕೆ ಹಿಡಿದ. ಇನ್ನಷ್ಟು ಮುಂದೆ ತಂದ, ಕಣ್ಣಿನ ಕೊನೆಯ ತನಕ. ಬೆರಳು ಆಡಿಸಿದ.

ಕಾವ್ಯಾ ಮುಂದೆ ನೋಡುತ್ತಲೇ ನಡೆದಳು.

"ಅಮ್ಮಾ," ಅಂತ ಕೂಗಿದಳು, "ಅಪ್ಪ ಇನ್ನೂ ಅಲ್ಲೇ ಇದಾರಾ?"

"ಹಿಂದೇನೇ ಬರ್ತಿರ್ಬೇಕು ನೋಡೇ," ಎನ್ನುತ್ತ ಸುಷ್ಮಾ ಗಂಟು ಹಿಡಿದುಕೊಂಡು ತಿರುಗಿದಳು. ನಗಲೆಂದು ತೆರೆದ ಅವಳ ಬಾಯಿ ಹಾಗೆಯೇ ನಿಂತಿತು. ದಾರಿಯ ಮೇಲೆ ಎರಡು ನೆರಳು ಒಂದಕ್ಕೊಂದು ತಾಗಿಕೊಂಡು ಬರುತ್ತಿದ್ದವು. ಉದ್ದನೆಯದರ ಕೈ, ಗಿಡ್ಡದರ ಮುಖದ ಹತ್ತಿರ, ಇನ್ನೂ ಗಾಳಿಯಲ್ಲೇ ಇತ್ತು.